1909ರ ರಷ್ಯಾಕ್ಕೆ ಬಣ್ಣ ಬಂದದ್ದು ಎಲ್ಲಿಂದ?

ಪ್ರಶ್ನೆ: ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಳೇ ರಷ್ಯಾದ ಬಣ್ಣದ ಫೋಟೋಗಳು ಓಡಾಡುತ್ತಿವೆ. ನೀಲಿ ನಿಲುವಂಗಿ ತೊಟ್ಟ ಒಬ್ಬ ರಾಜ, ಹಣ್ಣಿನ ತಟ್ಟೆ ಹಿಡಿದ ಮೂವರು ಹುಡುಗಿಯರು, ನದಿ, ಚರ್ಚು. ಎಲ್ಲವೂ 1909–1911ರವಂತೆ. ನಮ್ಮ ಅಜ್ಜನ ಮದುವೆ ಫೋಟೋ 1950ರದ್ದು, ಅದೇ ಕಪ್ಪು-ಬಿಳುಪು! 1909ರಲ್ಲಿ ಬಣ್ಣ ಎಲ್ಲಿಂದ ಬಂತು? ಈಗಿನವರು ಕಂಪ್ಯೂಟರಿನಲ್ಲಿ ತುಂಬಿದ್ದಲ್ಲವೇ?

ಉತ್ತರ: ಅಲ್ಲ. ಆ ಬಣ್ಣ ಆಗಿನದೇ. ಹಾಗಾದರೆ ಆಗ ಬಣ್ಣದ ಫಿಲ್ಮ್ ಇತ್ತೇ ಎಂದರೆ ಅದೂ ಇಲ್ಲ. ನೀವು ನೋಡಿದ ಒಂದೊಂದು ಚಿತ್ರದ ಹಿಂದೆಯೂ ಮೂರು ಮೂರು ಕಪ್ಪು-ಬಿಳುಪು ಫೋಟೋಗಳಿವೆ.

ತೆಗೆದಾತ ಸೆರ್ಗೇಯ್ ಪ್ರೊಕುದಿನ್-ಗೋರ್ಸ್ಕಿ. ಹುಟ್ಟಿದ್ದು 1863ರಲ್ಲಿ. ಓದಿದ್ದು ರಸಾಯನಶಾಸ್ತ್ರ, ಹುಚ್ಚು ಕ್ಯಾಮೆರಾದ್ದು. ಗೇಣುದ್ದದ ಗಾಜಿನ ಪಟ್ಟಿಯೊಂದನ್ನು ಕ್ಯಾಮೆರಾದೊಳಗೆ ನಿಲ್ಲಿಸಿ, ಒಂದೇ ದೃಶ್ಯವನ್ನು ಒಂದರ ಕೆಳಗೊಂದರಂತೆ ಮೂರು ಸಲ ಸೆರೆಹಿಡಿಯುತ್ತಿದ್ದ. ಒಂದು ಸಲ ಮಸೂರಕ್ಕೆ ನೀಲಿ ಗಾಜು ಅಡ್ಡ, ಇನ್ನೊಂದು ಸಲ ಹಸಿರು, ಮತ್ತೊಂದು ಸಲ ಕೆಂಪು. ಪಟ್ಟಿಯ ಮೇಲೆ ಬಣ್ಣದ ಹನಿಯೂ ಇಲ್ಲ, ಬರೀ ಬೂದು. ಆದರೆ ಮೂರು ಬೂದುಗಳೂ ಒಂದೇ ಥರ ಇರುವುದಿಲ್ಲ. ನಿಮ್ಮ ರಾಜನನ್ನೇ ತೆಗೆದುಕೊಳ್ಳಿ. ನೀಲಿ ಗಾಜಿನಲ್ಲಿ ತೆಗೆದದ್ದರಲ್ಲಿ ಅವನ ನಿಲುವಂಗಿ ಬೆಳ್ಳಗೆ ಹೊಳೆಯುತ್ತದೆ, ಕೆಂಪು ಗಾಜಿನದರಲ್ಲಿ ಕಪ್ಪಾಗಿ ಕೂರುತ್ತದೆ. ಆ ವ್ಯತ್ಯಾಸದಲ್ಲೇ ಬಣ್ಣ ಅಡಗಿದೆ. ಮೂರನ್ನೂ ಅದದೇ ಬಣ್ಣದ ಬೆಳಕಿನಲ್ಲಿ ಒಂದರ ಮೇಲೊಂದು ಪರದೆಗೆ ಬಿಟ್ಟರೆ ನಿಲುವಂಗಿ ಮತ್ತೆ ನೀಲಿಯಾಗುತ್ತದೆ. ನಿಮ್ಮ ಕೈಯಲ್ಲಿರುವ ಮೊಬೈಲಿನ ಪರದೆ ಮಾಡುವ ಕೆಲಸವೂ ಇಷ್ಟೇ: ಕೆಂಪು, ಹಸಿರು, ನೀಲಿ ಚುಕ್ಕಿಗಳನ್ನು ಹೆಚ್ಚುಕಡಿಮೆ ಬೆಳಗಿಸುವುದು.

ಉಪಾಯ ಪ್ರೊಕುದಿನ್-ಗೋರ್ಸ್ಕಿಯದಲ್ಲ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲೇ ಲಂಡನ್ನಿನಲ್ಲಿ ಒಂದು ಚೌಕಳಿ ರಿಬ್ಬನ್ನಿನ ಚಿತ್ರವನ್ನು ಹೀಗೆ ತೋರಿಸಿದ್ದ. ಅದರಲ್ಲೊಂದು ತಮಾಷೆಯಿದೆ. ಆ ಕಾಲದಲ್ಲಿ ಫೋಟೋ ಗಾಜಿಗೆ ಬಳಿಯುತ್ತಿದ್ದ ರಾಸಾಯನಿಕ ಲೇಪಕ್ಕೆ ಕೆಂಪು ಬೆಳಕು ಕಾಣುತ್ತಲೇ ಇರಲಿಲ್ಲ. ಆದರೂ ಪ್ರಯೋಗ ಹೇಗೋ ಕೈಹಿಡಿಯಿತು. ಕಾರಣ ಗೊತ್ತಾಗಲು ನೂರು ವರ್ಷ ಬೇಕಾಯಿತು: ರಿಬ್ಬನ್ನಿನ ಕೆಂಪು ಭಾಗ ಅತಿನೇರಳೆ ಕಿರಣವನ್ನೂ ಚೆಲ್ಲುತ್ತಿತ್ತು, ಗಾಜು ಹಿಡಿದದ್ದು ಅದನ್ನು. ಕೆಂಪನ್ನು ನಿಜವಾಗಿ ಕಾಣಬಲ್ಲ ಲೇಪ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಬರ್ಲಿನ್ನಿನ ಅಡಾಲ್ಫ್ ಮೀಥೆಯಂಥವರ ಕೈಯಲ್ಲಿ. ಪ್ರೊಕುದಿನ್-ಗೋರ್ಸ್ಕಿ 1902ರಲ್ಲಿ ಅವನ ಬಳಿಗೇ ಹೋಗಿ ಕಲಿತು, ಊರಿಗೆ ಬಂದು ತನ್ನದೇ ಲೇಪವನ್ನು ಹದಮಾಡಿಕೊಂಡ.

ಇಷ್ಟು ಹೇಳಿದರೂ ನಿಮ್ಮ ಅನುಮಾನ ಪೂರ್ತಿ ಹೋಗಿರಲಾರದು. ಹೋಗಬೇಕಾಗಿಯೂ ಇಲ್ಲ, ಸಾಕ್ಷಿ ಚಿತ್ರದಲ್ಲೇ ಇದೆ. ನದಿಯ ಫೋಟೋವನ್ನು ಹಿಗ್ಗಿಸಿ ನೋಡಿ. ನೀರಿನ ಅಲೆಗಳ ಮೇಲೆ ಕೆಂಪು, ಹಸಿರು, ನೀಲಿ ಎಳೆಗಳು ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ, ಯಾರೋ ಸೀಮೆಎಣ್ಣೆ ಸುರಿದ ಹಾಗೆ. ಮೂರು ಫೋಟೋಗಳ ನಡುವೆ ಕೆಲವು ಕ್ಷಣಗಳು ಕಳೆದಿರುತ್ತವೆ. ಮನೆ, ಮರದ ಬೊಡ್ಡೆ, ಬಂಡೆ ಅಲ್ಲಾಡವು. ನೀರು, ಹೊಗೆ, ಎಲೆ, ತಲೆ ತಿರುಗಿಸಿದ ಮಗು ಮಾತ್ರ ಮೂರರಲ್ಲೂ ಬೇರೆ ಬೇರೆ ಜಾಗದಲ್ಲಿರುತ್ತವೆ. ಆಫ್‌ಸೆಟ್ ಪ್ರೆಸ್ಸಿನಲ್ಲಿ ಬಣ್ಣ ಸರಿದು ಕ್ಯಾಲೆಂಡರಿನ ಲಕ್ಷ್ಮಿಯ ತುಟಿ ಒಂದು ಕಡೆ, ತುಟಿಯ ಕೆಂಪು ಇನ್ನೊಂದು ಕಡೆ ಬಿದ್ದಿರುವುದನ್ನು ನೋಡಿದ್ದೀರಲ್ಲ, ಅದೇ ಎಡವಟ್ಟು. ಈಗ ಬಣ್ಣ ತುಂಬುವವರಾದರೆ ಅಲೆಗೆಲ್ಲ ಒಪ್ಪವಾಗಿ ನೀಲಿ ಬಳಿದು ಮುಗಿಸುತ್ತಿದ್ದರು. ಇಂಥ ಕೊಳಕನ್ನು ಕೂತು ಸೃಷ್ಟಿಸುವ ತಾಳ್ಮೆ ಯಾರಿಗಿದೆ?

ಆ ಚಿತ್ರಗಳಲ್ಲಿ ಜನ ಕಂಬದ ಹಾಗೆ ನಿಂತಿರುವುದಕ್ಕೂ ಇದೇ ಕಾರಣ. ಅದನ್ನು ರಷ್ಯನ್ನರ ಗಾಂಭೀರ್ಯ ಎಂದುಕೊಳ್ಳಬೇಡಿ. ಅಲುಗಬೇಡಿ ಎಂದು ಹೇಳಿಸಿಕೊಂಡವರ ಮುಖಗಳು ಅವು.

ನಿಮ್ಮ ಪ್ರಶ್ನೆಯಲ್ಲಿ ಅರ್ಧ ನಿಜವೂ ಇದೆ. ಪ್ರೊಕುದಿನ್-ಗೋರ್ಸ್ಕಿ ಈ ಚಿತ್ರಗಳನ್ನು ಮುಖ್ಯವಾಗಿ ಮೂರು ಮಸೂರದ ಪ್ರೊಜೆಕ್ಟರಿನಿಂದ ಪರದೆಯ ಮೇಲೆ ತೋರಿಸುತ್ತಿದ್ದ. ಕಾಗದದ ಮೇಲೆ ಬಣ್ಣದಲ್ಲಿ ಅಚ್ಚಾದವು ಕೆಲವೇ. 1908ರಲ್ಲಿ ಯಾಸ್ನಾಯಾ ಪೊಲ್ಯಾನಾದ ಮನೆಗೆ ಹೋಗಿ ತೆಗೆದ, ಕಾದಂಬರಿಕಾರ ಟಾಲ್‌ಸ್ಟಾಯ್ ಚಿತ್ರ ಹಾಗೆ ಅಚ್ಚಾಗಿ ಮನೆಮಾತಾಯಿತು. ಬಿಳಿ ಗಡ್ಡ, ನೀಲಿ ಅಂಗಿ, ಕಾಲ ಮೇಲೆ ಕಾಲು ಹಾಕಿ ತೋಟದಲ್ಲಿ ಕೂತ ಮುದುಕ. ಉಳಿದ ಗಾಜುಗಳನ್ನು ಪ್ರೊಕುದಿನ್-ಗೋರ್ಸ್ಕಿಯ ಮಕ್ಕಳಿಂದ 1948ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡಿತು, ಲೆಕ್ಕಕ್ಕೆ 1902 ನೆಗೆಟಿವ್‌ಗಳು. ಅರ್ಧ ಶತಮಾನ ಅವು ಬಹುಮಟ್ಟಿಗೆ ಹಾಗೇ ಕೂತಿದ್ದವು. 2000ದ ಸುಮಾರಿಗೆ ಸ್ಕ್ಯಾನ್ ಮಾಡಿ, ಮೂರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದರು. ಹಾಗಾಗಿ ಕಂಪ್ಯೂಟರಿನ ಕೈ ಇದೆ. ಯಾವುದು ಎಷ್ಟು ಗಾಢವಾಗಿರಬೇಕು, ಬಿಳಿ ಎಷ್ಟು ಬಿಳಿಯಾಗಿರಬೇಕು ಎಂಬುದನ್ನು ಕೂಡಿಸುವವರು ಸ್ವಲ್ಪ ಅತ್ತಿತ್ತ ಮಾಡುತ್ತಾರೆ. ಒಂದೇ ಚಿತ್ರದ ಎರಡು ಪ್ರತಿಗಳಲ್ಲಿ ಹುಲ್ಲು ಬೇರೆ ಬೇರೆ ಹಸಿರಾಗಿ ಕಾಣುವುದು ಅದಕ್ಕೆ. ಆದರೆ ಹುಲ್ಲು ಹಸಿರು, ಲಂಗ ಕೆಂಪು ಎಂಬ ಸುದ್ದಿ 1909ರ ಗಾಜಿನದು, ಇಂದಿನವರ ಊಹೆಯಲ್ಲ.

ನಿಜವಾಗಿ ಅನುಮಾನಿಸಬೇಕಾದ ಚಿತ್ರಗಳು ಬೇರೆ. ಝಾರ್ ಎರಡನೇ ನಿಕೋಲಸ್, ಅವನ ನಾಲ್ವರು ಹೆಣ್ಣುಮಕ್ಕಳು ಬಿಳಿ ಉಡುಪಿನಲ್ಲಿ, ಕೆನ್ನೆ ಗುಲಾಬಿ, ಕಣ್ಣು ನೀಲಿ. ಇವು ಕೂಡ ಅದೇ ಗುಂಪುಗಳಲ್ಲಿ ಬರುತ್ತವೆ. ಝಾರನ ರೊಮಾನೊವ್ ಮನೆತನದವರಿಗೆ ಫೋಟೋ ಹುಚ್ಚು ಜಾಸ್ತಿ. ಹುಡುಗಿಯರೇ ಕೊಡ್ಯಾಕ್ ಡಬ್ಬಿ ಕ್ಯಾಮೆರಾ ಹಿಡಿದು ತೆಗೆದು ಆಲ್ಬಮ್ಮಿಗೆ ಅಂಟಿಸುತ್ತಿದ್ದರು, ಎಲ್ಲ ಕಪ್ಪು-ಬಿಳುಪು. ನೀವು ನೋಡುವ ಬಣ್ಣ ಅವಕ್ಕೆ ಈಚೆಗೆ ಹಚ್ಚಿದ್ದು. ಚೆನ್ನಾಗಿರಬಹುದು, ಆದರೆ ಅದು ಹಚ್ಚಿದವರ ಊಹೆ. ಇವೆರಡನ್ನೂ ಒಂದೇ ಬುಟ್ಟಿಗೆ ಹಾಕಿ ಹಂಚುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ.

ಇನ್ನು, ಒಬ್ಬ ಫೋಟೋಗ್ರಾಫರನಿಗೆ ಇಡೀ ಸಾಮ್ರಾಜ್ಯ ಸುತ್ತಲು ಸಾಧ್ಯವಾದದ್ದು ಹೇಗೆ? ಟಾಲ್‌ಸ್ಟಾಯ್ ಚಿತ್ರದ ಹೆಸರು ಅರಮನೆಗೆ ಮುಟ್ಟಿತು. 1909ರ ಮೇ ತಿಂಗಳಲ್ಲಿ ಪೀಟರ್ಸ್‌ಬರ್ಗ್ ಹತ್ತಿರದ ತ್ಸಾರ್‌ಸ್ಕೊಯೆ ಸೆಲೊದಲ್ಲಿ ಝಾರನ ಮುಂದೆ ಪರದೆ ಕಟ್ಟಿ ಚಿತ್ರ ತೋರಿಸಿದ. ಸಾಮ್ರಾಜ್ಯವನ್ನೆಲ್ಲ ಹೀಗೆ ಬಣ್ಣದಲ್ಲಿ ಹಿಡಿದು ಶಾಲೆಯ ಮಕ್ಕಳಿಗೆ ತೋರಿಸೋಣ ಎಂದ. ಝಾರ್ ಒಪ್ಪಿದ. ಕತ್ತಲಕೋಣೆ ಮಾಡಿಕೊಟ್ಟ ಒಂದು ರೈಲು ಬೋಗಿ ಸಿಕ್ಕಿತು, ನದಿಗಳಿಗೆ ಹಬೆದೋಣಿ ಸಿಕ್ಕಿತು. ಎಲ್ಲಕ್ಕಿಂತ ದೊಡ್ಡದಾಗಿ, ಎಲ್ಲಿ ಹೋದರೂ ಅಡ್ಡಿಮಾಡಬೇಡಿ ಎನ್ನುವ ಕಾಗದ ಸಿಕ್ಕಿತು. ಉರಲ್, ವೋಲ್ಗಾ, ಕಾಕಸಸ್, ತುರ್ಕಿಸ್ತಾನ್ ಎಂದು 1915ರವರೆಗೆ ಅಲೆದ.

ಮೊದಲ ವರ್ಷ ಹೋದದ್ದು ಮರೀನ್‌ಸ್ಕಿ ಜಲಮಾರ್ಗಕ್ಕೆ. ವೋಲ್ಗಾ ನದಿಯನ್ನು ಬಾಲ್ಟಿಕ್ ಕಡೆಗೆ ಜೋಡಿಸುವ ಕಾಲುವೆ-ನದಿಗಳ ಸಾಲು ಅದು. ನಿಮ್ಮ ಮೂವರು ಹುಡುಗಿಯರು ಸಿಕ್ಕಿದ್ದು ಅಲ್ಲೇ, ಕಿರಿಲ್ಲೊವ್ ಊರಿನ ಹತ್ತಿರ, ಷೆಕ್ಸ್ನಾ ನದಿಯ ದಡದಲ್ಲಿ. ಮರದ ಮನೆಯ ಮುಂದೆ ನಿಂತು, ಬಂದವರಿಗೆ ಕಾಡುಹಣ್ಣು ಕೊಡುವ ಭಂಗಿ. ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಜಲಮಾರ್ಗದ ಪಿಂಖಸ್ ಕಾರ್ಲಿನ್‌ಸ್ಕಿ ಎಂಬ ಮುದುಕನ ಚಿತ್ರ. ಕಾಲುವೆಯ ತೂಬೊಂದರ ಮೇಲ್ವಿಚಾರಕ, ವಯಸ್ಸು 84, ನೌಕರಿಗೆ ಸೇರಿ 66 ವರ್ಷ. ಲೆಕ್ಕ ಹಾಕಿ ನೋಡಿ: 1861ರಲ್ಲಿ, ಮ್ಯಾಕ್ಸ್‌ವೆಲ್ ಲಂಡನ್ನಿನಲ್ಲಿ ರಿಬ್ಬನ್ ತೋರಿಸಿದ ವರ್ಷವೇ, ರಷ್ಯಾದಲ್ಲಿ ಜೀತ ರದ್ದಾಯಿತು. ಆ ಹೊತ್ತಿಗೆ ಈ ಮನುಷ್ಯ 18 ವರ್ಷ ಕೆಲಸ ಮಾಡಿಯಾಗಿತ್ತು. ರೈತರನ್ನು ಭೂಮಿಯ ಜೊತೆ ಮಾರುತ್ತಿದ್ದ ಕಾಲವನ್ನು ನಡುವಯಸ್ಸಿನವರೆಗೂ ಕಂಡ ಕಣ್ಣುಗಳನ್ನು ನಾವು ಬಣ್ಣದಲ್ಲಿ ನೋಡುತ್ತಿದ್ದೇವೆ.

ನೀಲಿ ನಿಲುವಂಗಿಯ ರಾಜ ಮಧ್ಯ ಏಷ್ಯಾದ ಬುಖಾರಾದ ಕೊನೆಯ ಅಮೀರ ಆಲಿಂ ಖಾನ್. ಚಿತ್ರ 1911ರದ್ದು, ಪಟ್ಟಕ್ಕೆ ಬಂದ ಹೊಸದು, ವಯಸ್ಸು 31. ಹೆಸರಿಗೆ ಸ್ವತಂತ್ರ, ನಿಜದಲ್ಲಿ ರಷ್ಯಾದ ಅಂಕೆಯಲ್ಲಿದ್ದ. 1920ರಲ್ಲಿ ಕೆಂಪು ಸೇನೆ ನುಗ್ಗಿದಾಗ ಓಡಿಹೋಗಿ ಅಫ್ಘಾನಿಸ್ತಾನ ಸೇರಿದ. ಪ್ರೊಕುದಿನ್-ಗೋರ್ಸ್ಕಿಯೂ ಕ್ರಾಂತಿಯ ಮರುವರ್ಷ ದೇಶ ಬಿಟ್ಟವನು, ನಾರ್ವೆ, ಇಂಗ್ಲೆಂಡ್ ದಾಟಿ ಫ್ರಾನ್ಸ್ ಸೇರಿದ. ಇಬ್ಬರೂ ಸತ್ತದ್ದು 1944ರಲ್ಲಿ. ಅವನು ಕಾಬೂಲಿನಲ್ಲಿ, ಇವನು ಪ್ಯಾರಿಸಿನಲ್ಲಿ.

ಬಣ್ಣ ನಿಜ ಎಂದ ಮಾತ್ರಕ್ಕೆ ಚಿತ್ರದಲ್ಲಿ ಕಾಣುವ ರಷ್ಯಾವೇ ಪೂರ್ತಿ ರಷ್ಯಾ ಎಂದುಕೊಂಡರೆ ಮೋಸಹೋಗುತ್ತೇವೆ. ಝಾರನ ಬೋಗಿಯಲ್ಲಿ ಹೋದವನು ಹಿಡಿದದ್ದು ಬಹುಪಾಲು ಸೇತುವೆ, ಮಠ, ಕಾರ್ಖಾನೆ, ಚಹಾ ತೋಟ, ಶುಭ್ರವಾಗಿ ನಿಂತ ಜನ. 1905ರ ಜನವರಿಯಲ್ಲಿ ಪೀಟರ್ಸ್‌ಬರ್ಗಿನಲ್ಲಿ ಮೆರವಣಿಗೆ ಬಂದವರ ಮೇಲೆ ಗುಂಡು ಹಾರಿದ್ದ ದೇಶ ಅದು. 1912ರಲ್ಲಿ ಲೇನಾ ಚಿನ್ನದ ಗಣಿಯ ಮುಷ್ಕರದ ಮೇಲೆ ಮತ್ತೆ ಹಾರಿತು. ಅದರ ಸುಳಿವು ಈ ಗಾಜುಗಳಲ್ಲಿಲ್ಲ. ಬುಖಾರಾದ ಜೈಲಿನ ಸರಳುಗಳ ಹಿಂದೆ ನಿಂತ ಕೈದಿಗಳು, 1915ರಲ್ಲಿ ಬಡಗಣ ರೈಲುಮಾರ್ಗದ ಬಳಿ ಕಂಡ ಆಸ್ಟ್ರಿಯಾದ ಯುದ್ಧಕೈದಿಗಳು, ಇಂಥವು ಅಪರೂಪಕ್ಕೆ ಇಣುಕುತ್ತವೆ ಅಷ್ಟೆ.

ಆ ಇನ್ನೊಂದು ಮುಖಕ್ಕೆ ಫೋಟೋ ಬಿಟ್ಟು ವರ್ಣಚಿತ್ರದ ಕಡೆ ತಿರುಗಬೇಕು. ಇಲ್ಯಾ ರೇಪಿನ್ 1870–73ರಲ್ಲಿ ಬರೆದ ವೋಲ್ಗಾದ ದೋಣಿ ಎಳೆಯುವವರ ಚಿತ್ರದಲ್ಲಿ, ಎದೆಗೆ ಪಟ್ಟಿ ಬಿಗಿದುಕೊಂಡು ಎತ್ತಿನಂತೆ ಬಾಗಿ ನಡೆಯುವ 11 ಜನರಿದ್ದಾರೆ. ಚಿಂದಿ ಬಟ್ಟೆ, ಸುಟ್ಟ ಚರ್ಮ, ನಡುವೆ ಒಬ್ಬ ಹುಡುಗ ಮಾತ್ರ ತಲೆಯೆತ್ತಿ ಪಟ್ಟಿಗೆ ಕೈಹಾಕಿದ್ದಾನೆ. ಅಲ್ಲಿನ ಬಣ್ಣ ಕುಂಚದ್ದು, ಆದರೆ ನದಿ ದಡದ ದುಡಿಮೆಯ ಬಗ್ಗೆ ಮೂರು ಗಾಜಿನ ಫೋಟೋಗಳು ಹೇಳದ್ದನ್ನು ಹೇಳುತ್ತದೆ. ಅದನ್ನು ಕೊಂಡದ್ದು ಯಾರು ಗೊತ್ತೇ? ಆಗಿನ ಝಾರ್ ಎರಡನೇ ಅಲೆಕ್ಸಾಂಡರನ ಮಗ ಗ್ರ್ಯಾಂಡ್ ಡ್ಯೂಕ್ ವ್ಲದೀಮಿರ್. ತೂಗುಹಾಕಿಕೊಂಡದ್ದು ಬಿಲಿಯರ್ಡ್ಸ್ ಆಡುವ ಕೋಣೆಯಲ್ಲಿ.

ಕೊನೆಗೆ, ನನ್ನ ಮಾತನ್ನೂ ನಂಬಬೇಡಿ, ಮಾಡಿಯೇ ನೋಡಿ. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಆ ಮೂರು ಚೌಕದ ಬೂದು ಪಟ್ಟಿಗಳು ಪುಕ್ಕಟೆ ಸಿಗುತ್ತವೆ. ಕಂಪ್ಯೂಟರ್ ವಿಜ್ಞಾನದ ಎಷ್ಟೋ ವಿದ್ಯಾರ್ಥಿಗಳಿಗೆ ಅವೇ ಹೋಂವರ್ಕ್. ಮೇಲಿನ ಚೌಕ ನೀಲಿಗೆ, ನಡುವಿನದು ಹಸಿರಿಗೆ, ಕೆಳಗಿನದು ಕೆಂಪಿಗೆ. ಫೋಟೋ ತಿದ್ದುವ ಯಾವುದೇ ಒಳ್ಳೆಯ ಸಾಫ್ಟ್‌ವೇರಿನ ಮೂರು ಚಾನಲ್‌ಗಳಿಗೆ ಅವನ್ನು ಹಾಕಿ, ಅಂಚಿಗೆ ಅಂಚು ಕೂಡುವವರೆಗೆ ಸರಿಸುತ್ತ ಹೋಗಿ. ಮೊದಲ ಸಲಕ್ಕೆ ನದಿಯ ಚಿತ್ರ ಬೇಡ, ಇಟ್ಟಿಗೆ ಗೋಡೆಯೋ ಗಂಟೆಗೋಪುರವೋ ಇರುವುದನ್ನು ಆರಿಸಿಕೊಳ್ಳಿ. ನೀರನ್ನು ಎಷ್ಟು ಸರಿಸಿದರೂ ಅದು ಕೂಡುವುದಿಲ್ಲ.