ಸಕ್ಕರೆ ಇರುವ ಕ್ರೀಮ್ ಹಚ್ಚಿದರೆ ಬಿಸಿಲಿನ ಸುಕ್ಕು ತಡೆಯಬಹುದಾ?

ಓದುಗರ ಪ್ರಶ್ನೆ: ಹೊಸ ಕ್ರೀಮಿನ ಡಬ್ಬಿ ಮೇಲೆ ‘ನೈಸರ್ಗಿಕ ಸಕ್ಕರೆಯ ರಕ್ಷಣೆ’ ಅಂತ ಇದೆ. ಸಕ್ಕರೆ ತಿಂದರೆ ಚರ್ಮಕ್ಕೆ ಬೇಗ ವಯಸ್ಸಾಗುತ್ತೆ ಅಂತಾರಲ್ಲ, ಹಚ್ಚಿದರೆ ಒಳ್ಳೆಯದಾ? ಇನ್ನು ಸನ್‌ಸ್ಕ್ರೀನ್ ಬಿಡಬಹುದಾ?

ಸನ್‌ಸ್ಕ್ರೀನ್ ಮಾತ್ರ ಬಿಡಬೇಡಿ.

ಡಬ್ಬಿ ತಿರುಗಿಸಿ, ಹಿಂದಿರುವ ಸಣ್ಣ ಅಕ್ಷರ ಓದಿ. ಟ್ರೆಹಲೋಸ್ ಎಂಬ ಹೆಸರು ಇರಬಹುದು. ಎರಡು ಗ್ಲೂಕೋಸ್ ಸೇರಿ ಆದ ಸಕ್ಕರೆ ಇದು. ಅಣಬೆಯಲ್ಲಿದೆ, ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲೂ ಇದೆ. ತಿಂಗಳುಗಟ್ಟಲೆ ಒಣಗಿ ಕೂತಿದ್ದ ಯೀಸ್ಟ್, ಬೆಚ್ಚಗಿನ ನೀರು ಬಿದ್ದ ಸ್ವಲ್ಪ ಹೊತ್ತಿಗೆ ನೊರೆ ಏಳಿಸುತ್ತದೆ ಅಲ್ವಾ? ಅದರಲ್ಲಿ ಈ ಸಕ್ಕರೆಯ ಪಾಲೂ ಇದೆ. ನೀರಿಲ್ಲದಾಗ ಜೀವಕೋಶದ ಪೊರೆ, ಪ್ರೋಟೀನು ಹಾಳಾಗದಂತೆ ಅದು ಕಾಯುತ್ತದೆ.

ಈ ಗುಣ ನೋಡಿಯೇ ಅದನ್ನು ಕ್ರೀಮಿಗೆ ತಂದರು. ಆದರೆ ನಮ್ಮ ಮುಖ ಯೀಸ್ಟ್ ಅಲ್ಲ. ಚರ್ಮದ ಮೇಲೆ ಅದರ ಮುಖ್ಯ ಕೆಲಸ ತೇವ ಹಿಡಿದಿಡುವುದು. ಜೇನುತುಪ್ಪದ್ದೂ, ಲೋಳೆಸರದ್ದೂ ಹೆಚ್ಚುಕಡಿಮೆ ಅದೇ ಕೆಲಸ. ತೇವ ಇದ್ದರೆ ಸಣ್ಣ ಗೆರೆಗಳು ಎದ್ದು ಕಾಣುವುದಿಲ್ಲ. ಅದು ಒಳ್ಳೆಯದೇ. ಬಿಸಿಲನ್ನು ತಡೆಯುವುದು ಬೇರೆ ಮಾತು.

ಸುಕ್ಕು ತರುವುದರಲ್ಲಿ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ಯುವಿ-ಎ ಕಿರಣದ ಪಾಲು ದೊಡ್ಡದು. ಅದು ಚರ್ಮದ ಒಳಪದರಕ್ಕೆ ಇಳಿದು, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಕಿಟಕಿ ಗಾಜನ್ನೂ ದಾಟಿ ಬರುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ 69 ವರ್ಷದ ಚಾಲಕರೊಬ್ಬರ ಫೋಟೋ ಬಂದಿತ್ತು. 28 ವರ್ಷ ಟ್ರಕ್ ಓಡಿಸಿದವರು. ಕಿಟಕಿ ಕಡೆಗಿದ್ದ ಎಡಗೆನ್ನೆ ಪೂರ್ತಿ ಸುಕ್ಕು, ಬಲಗೆನ್ನೆ ಅಷ್ಟಿಲ್ಲ. ಒಂದೇ ಮುಖ! ನಮ್ಮಲ್ಲಿ ಸ್ಟಿಯರಿಂಗ್ ಬಲಕ್ಕಿರುವುದರಿಂದ ಚಾಲಕರು ಬಲಗೆನ್ನೆ ನೋಡಿಕೊಳ್ಳಬೇಕು.

ತಿನ್ನುವ ಸಕ್ಕರೆಯ ದಾರಿಯೇ ಬೇರೆ. ರಕ್ತದಲ್ಲಿ ಸಕ್ಕರೆ ಜಾಸ್ತಿಯಾದರೆ ಅದು ಕೊಲಾಜನ್‌ಗೆ ಅಂಟಿಕೊಂಡು ಬಿರುಸು ಮಾಡುತ್ತದೆ. ಹಚ್ಚುವ ಕ್ರೀಮಿಗೂ ಅದಕ್ಕೂ ಸಂಬಂಧವಿಲ್ಲ.

ಡಬ್ಬಿಯಲ್ಲಿ ‘ಕಬ್ಬಿನ ಸಾರ’, ಗ್ಲೈಕಾಲಿಕ್ ಆಸಿಡ್ ಅಂತಿದ್ದರೆ ಮಾತ್ರ ಹುಷಾರು. ಗ್ಲೈಕಾಲಿಕ್ ಸಕ್ಕರೆಯಲ್ಲ, ಆಮ್ಲ. ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದನ್ನು ರಾತ್ರಿ ಹಚ್ಚಿ, ಹಗಲು ಎಸ್‌ಪಿಎಫ್ 30 ಅಥವಾ ಹೆಚ್ಚಿನ, ಯುವಿ-ಎ ತಡೆಯುವ ಸನ್‌ಸ್ಕ್ರೀನ್ ಹಚ್ಚಿ. ಇನ್ನು ಸಕ್ಕರೆಗೆ ನಿಂಬೆರಸ ಹಿಂಡಿ ಮುಖಕ್ಕೆ ಉಜ್ಜುವುದು ಬೇಡವೇ ಬೇಡ. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆಯೇ ಏಳಬಹುದು.