ಪ್ರೊಜೆಕ್ಟರ್ ಒರೆಸುವ ಮುಂಚೆ: ಕಲೆ ಎಲ್ಲಿದೆ, ಗಾಳಿ ಎಲ್ಲಿ ಕಟ್ಟಿದೆ?

ನನ್ನ ಮೊದಲ ಪ್ರೊಜೆಕ್ಟರಿನ ಲೆನ್ಸ್ ಮೇಲೆ ಇವತ್ತಿಗೂ ಎರಡು ಸಣ್ಣ ಗೀರುಗಳಿವೆ. ಚಿತ್ರದ ಬಲ ಮೂಲೆಯಲ್ಲಿ ಒಂದು ಮಬ್ಬು ಕಲೆ ಕಾಣುತ್ತಿತ್ತು. ಲೆನ್ಸಿಗೆ ಧೂಳು ಹಿಡಿದಿದೆ ಅಂದುಕೊಂಡು ಅಂಗಿಯ ತುದಿಯಿಂದ ಉಜ್ಜಿದೆ. ಹೋಗಲಿಲ್ಲ. ಇನ್ನೂ ಗಟ್ಟಿಯಾಗಿ ಉಜ್ಜಿದೆ. ಕಲೆ ಇದ್ದಲ್ಲೇ ಇತ್ತು, ಲೆನ್ಸಿನ ಮೇಲ್ಪದರ ಮಾತ್ರ ಗೀಚಿಹೋಯಿತು. ಆ ಕಲೆ ಲೆನ್ಸ್ ಮೇಲೆ ಇರಲೇ ಇಲ್ಲ, ಒಳಗಿತ್ತು ಅಂತ ಗೊತ್ತಾಗಿದ್ದು ಆಮೇಲೆ.

ಅದಾದ ಮೇಲೆ ಓದಿ, ಬಿಚ್ಚಿ, ಮ್ಯಾನುವಲ್‌ಗಳನ್ನು ಸಾಲು ಸಾಲಾಗಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ನನಗೆ ಅರ್ಥವಾದ ಮುಖ್ಯ ವಿಷಯ ಒಂದೇ. ನಾವೆಲ್ಲ ಕಣ್ಣಿಗೆ ಕಾಣುವ ಲೆನ್ಸನ್ನು ಒರೆಸುತ್ತೇವೆ, ಒಳಗೆ ಹೋಗುವ ಗಾಳಿಯ ಧೂಳು ತಡೆಯುವ, ಕಣ್ಣಿಗೆ ಬೀಳದ ಫಿಲ್ಟರನ್ನು ಮರೆಯುತ್ತೇವೆ. ಪ್ರೊಜೆಕ್ಟರ್ ಕೆಡುವುದು ಹೆಚ್ಚಾಗಿ ಲೆನ್ಸ್ ಕೊಳಕಾಗಿ ಅಲ್ಲ, ಉಸಿರು ಕಟ್ಟಿ.

ಮೊದಲು ಕಲೆಯ ಜಾಗ ಹುಡುಕಿ

ಬಟ್ಟೆ ಕೈಗೆ ತೆಗೆದುಕೊಳ್ಳುವ ಮುಂಚೆ ಮೂರು ಪರೀಕ್ಷೆ ಮಾಡಿ. ಐದು ನಿಮಿಷವೂ ಬೇಡ.

ಪ್ರೊಜೆಕ್ಟರನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಚಿತ್ರ ಸರಿದರೂ ಕಲೆ ನಿಂತಲ್ಲೇ ನಿಂತರೆ ಅದು ತೆರೆಯ ಮೇಲಿನ ಕಲೆ. ಚಿತ್ರದ ಜೊತೆ ಕಲೆಯೂ ಸರಿದರೆ ಪ್ರೊಜೆಕ್ಟರಿನ ಮೆನು ತೆರೆದು ನೋಡಿ, ಅಥವಾ ಕೇಬಲ್ ತೆಗೆದು ಖಾಲಿ ಪರದೆ ಬರಲು ಬಿಡಿ. ಆಗ ಕಲೆ ಮಾಯವಾದರೆ ತೊಂದರೆ ವಿಡಿಯೋದಲ್ಲೋ ಕಂಪ್ಯೂಟರಿನಲ್ಲೋ ಇದೆ, ಒರೆಸಲು ಏನೂ ಇಲ್ಲ. ಮೂರನೆಯದು ಫೋಕಸ್ ಪರೀಕ್ಷೆ. ಫೋಕಸ್ ರಿಂಗನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಚಿತ್ರ ಮಸುಕಾಗುತ್ತಿದ್ದಂತೆ ಆ ಮಬ್ಬು ಕಲೆ ಚೂಪಾಗಿ, ಅಂಚು ಸ್ಪಷ್ಟವಾಗಿ ಕಾಣತೊಡಗಿದರೆ ಧೂಳು ಒಳಗೆ, ಚಿತ್ರ ಮೂಡಿಸುವ ಚಿಪ್ ಅಥವಾ ಪ್ಯಾನಲ್‌ನ ಹತ್ತಿರ ಕೂತಿದೆ ಅಂತಲೇ ಅರ್ಥ.

ಯಾಕೆ ಹೀಗೆ? ಒಂದು ಲೆಕ್ಕ ಮಾಡೋಣ. ಒಳಗಿನ ಪ್ಯಾನಲ್ ಅಗಲ ಸುಮಾರು 14 ಮಿಲಿಮೀಟರ್ ಅಂತಿಟ್ಟುಕೊಳ್ಳಿ. ತೆರೆಯ ಮೇಲೆ ಚಿತ್ರದ ಅಗಲ 2.1 ಮೀಟರ್. ಅಂದರೆ 150 ಪಟ್ಟು ದೊಡ್ಡದು. ಕೂದಲಿಗಿಂತ ಸಣ್ಣದಾದ 0.05 ಮಿಲಿಮೀಟರ್ ಕಣವೊಂದು ಪ್ಯಾನಲ್ ಹತ್ತಿರ ಕೂತರೆ ತೆರೆಯ ಮೇಲೆ ಅದು 7.5 ಮಿಲಿಮೀಟರ್ ಆಗಿ ಕಾಣುತ್ತದೆ. ಅದೇ ಲೆನ್ಸಿನ ಹೊರಗಾಜಿನ ಮೇಲೆ 1 ಮಿಲಿಮೀಟರಿನಷ್ಟು ದೊಡ್ಡ ಕಣ ಕೂತರೂ ಕಲೆಯಾಗಿ ಕಾಣುವುದಿಲ್ಲ. ಅದು ಫೋಕಸ್ ಆಗುವ ಜಾಗದಲ್ಲೇ ಇಲ್ಲ, ಅಲ್ವಾ? ಗಾಜಿನ ವ್ಯಾಸ 40 ಮಿಲಿಮೀಟರ್ ಆದರೆ ಆ ಕಣ ಅದರ 1,600ನೇ ಒಂದು ಭಾಗವನ್ನು ಮಾತ್ರ ಮುಚ್ಚುತ್ತದೆ, ಅಷ್ಟು ಬೆಳಕು ಕಡಿಮೆಯಾದದ್ದು ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಈ ಲೆಕ್ಕ ಮೊದಲೇ ಗೊತ್ತಿದ್ದರೆ ನಾನು ಲೆನ್ಸ್ ಉಜ್ಜುತ್ತಿರಲಿಲ್ಲ.

ಕಲೆಯ ಬಣ್ಣವೂ ಸುಳಿವು ಕೊಡುತ್ತದೆ. ತ್ರೀ-ಎಲ್‌ಸಿಡಿ ಪ್ರೊಜೆಕ್ಟರಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ಯಾನಲ್ ಇರುತ್ತದೆ. ಕತ್ತಲೆ ದೃಶ್ಯದಲ್ಲಿ ಹಸಿರು ಮಬ್ಬು ಕಂಡರೆ ಹಸಿರು ಬೆಳಕಿನ ದಾರಿಯಲ್ಲಿ ಧೂಳಿದೆ ಅಂದುಕೊಳ್ಳಬಹುದು. ಡಿಎಲ್‌ಪಿ ಬಗೆಯದ್ದರಲ್ಲಿ ಲಕ್ಷಾಂತರ ಪುಟ್ಟ ಕನ್ನಡಿಗಳಿರುವ ಒಂದು ಚಿಪ್ ಇರುತ್ತದೆ. ಅದನ್ನು 1987ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದರು. ಹೆಚ್ಚಿನ ಮಾದರಿಗಳಲ್ಲಿ ಈ ಚಿಪ್ ಇರುವ ಭಾಗವನ್ನು ಮುಚ್ಚಿಯೇ ಕಳಿಸುವುದರಿಂದ ಧೂಳಿನ ಕಾಟ ಕಡಿಮೆ. ಆದರೆ ಒಂದು ಕನ್ನಡಿ ಸಿಕ್ಕಿಹಾಕಿಕೊಂಡರೆ ಚೂಪಾದ ಬಿಳಿ ಅಥವಾ ಕಪ್ಪು ಚುಕ್ಕಿ ಬರುತ್ತದೆ, ಸರಿಯಾಗಿ ಒಂದು ಪಿಕ್ಸೆಲ್ ಅಳತೆಗೆ. ಅದು ಧೂಳಲ್ಲ. ಎಷ್ಟು ಒರೆಸಿದರೂ ಹೋಗುವುದಿಲ್ಲ.

ಒಳಗಿನ ಕಲೆ ಅಂತ ಖಚಿತವಾದರೆ ಸರ್ವಿಸ್‌ನವರಿಗೆ ಕೊಡಿ. ಇಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಮೇಲಿನ ಕವಚ ಬಿಚ್ಚಿ ಒಳಗೆ ಗಾಳಿ ಊದುವ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಪವರ್ ಸಪ್ಲೈನ ಕೆಪಾಸಿಟರ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟ್ ಉಳಿದಿರಬಹುದು. ಇನ್ನು ಊದಿದ ಧೂಳು ಹೊರಗೆ ಬರುತ್ತದೆ ಅಂತ ಯಾರು ಹೇಳಿದರು? ಎಷ್ಟೋ ಸಲ ಅದು ಇನ್ನೂ ಕೆಟ್ಟ ಜಾಗಕ್ಕೆ ಹೋಗಿ ಕೂರುತ್ತದೆ.

ಉಸಿರಾಟ: ಫಿಲ್ಟರ್, ಫ್ಯಾನ್, ಗಾಳಿಕಿಂಡಿ

ಪ್ರೊಜೆಕ್ಟರ್ ಎಳೆದುಕೊಳ್ಳುವ ವಿದ್ಯುತ್ತಿನಲ್ಲಿ ಸಣ್ಣ ಪಾಲು ಮಾತ್ರ ತೆರೆಯ ಮೇಲೆ ಬೆಳಕಾಗಿ ಬೀಳುತ್ತದೆ. ಉಳಿದದ್ದೆಲ್ಲ ಪೆಟ್ಟಿಗೆಯೊಳಗೆ ಬಿಸಿ. 300 ವ್ಯಾಟ್ ಎಳೆಯುವ ಯಂತ್ರ ಅಂದರೆ ಒಂದು ಸಣ್ಣ ಹೀಟರನ್ನು ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಗಂಟೆಗಟ್ಟಲೆ ಉರಿಸಿದ ಹಾಗೆ. ಆ ಬಿಸಿಯನ್ನು ಹೊರಗೆ ತಳ್ಳುವುದು ಗಾಳಿ ಒಂದೇ. ಫಿಲ್ಟರಿಗೆ ಧೂಳು ಹಿಡಿದರೆ ಗಾಳಿ ಕಡಿಮೆ, ಗಾಳಿ ಕಡಿಮೆಯಾದರೆ ಬಿಸಿ ಜಾಸ್ತಿ, ಬಿಸಿ ಜಾಸ್ತಿಯಾದರೆ ಫ್ಯಾನ್ ಇನ್ನೂ ಜೋರಾಗಿ ತಿರುಗಿ ಇನ್ನಷ್ಟು ಧೂಳು ಎಳೆಯುತ್ತದೆ. ಎಲ್‌ಸಿಡಿ ಪ್ಯಾನಲ್‌ಗಳ ಜೊತೆಗಿರುವ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಪೋಲರೈಸರ್ ಹಾಳೆಗಳು ಈ ಬಿಸಿಗೆ ಸುಟ್ಟು ಹಳದಿಯಾಗುತ್ತವೆ. ಒಮ್ಮೆ ಸುಟ್ಟರೆ ಮತ್ತೆ ಸರಿಯಾಗುವುದಿಲ್ಲ.

ಫ್ಯಾನಿನ ಸದ್ದು ಮೊದಲಿಗಿಂತ ಜೋರಾಗಿದೆಯಾ? ಟೆಂಪರೇಚರ್ ದೀಪ ಮಿನುಗುತ್ತಿದೆಯಾ? ನೋಡುತ್ತಿರುವಾಗಲೇ ತಾನಾಗಿ ಆಫ್ ಆಗುತ್ತಿದೆಯಾ? ಇವು ಮೂರೂ ಫಿಲ್ಟರ್ ತೆಗೆದು ನೋಡಿ ಅಂತ ಹೇಳುವ ಗುರುತುಗಳು. ನನ್ನದು ಮಧ್ಯದಲ್ಲಿ ಆಫ್ ಆದಾಗ ಫಿಲ್ಟರ್ ತೆಗೆದು ನೋಡಿದರೆ ಕಂಬಳಿ ತುಂಡಿನ ಹಾಗಿತ್ತು.

ಕೆಲಸ ಹೀಗೆ ಮಾಡಿ. ಪವರ್ ಬಟನ್ ಒತ್ತಿ ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಅದು ನಿಲ್ಲುವವರೆಗೆ ಪ್ಲಗ್ ಕೀಳಬೇಡಿ, ಒಳಗಿನ ಬಿಸಿ ಹೊರಗೆ ಹೋಗಲೇಬೇಕು. ತಕ್ಷಣ ಆಫ್ ಮಾಡಬಹುದು ಅಂತ ಮ್ಯಾನುವಲ್ಲೇ ಹೇಳುವ ಮಾದರಿಗಳೂ ಇವೆ, ನಿಮ್ಮದು ಯಾವುದು ಅಂತ ನೋಡಿಕೊಳ್ಳಿ. ಆಮೇಲೆ ಪ್ಲಗ್ ಕಿತ್ತು, ಯಂತ್ರ ತಣ್ಣಗಾದ ಮೇಲೆ ಫಿಲ್ಟರ್ ಮುಚ್ಚಳ ತೆಗೆಯಿರಿ. ಫಿಲ್ಟರನ್ನು ಪ್ರೊಜೆಕ್ಟರಿನಿಂದ ದೂರ ಒಯ್ದು, ಮೆತ್ತನೆ ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಧೂಳು ಎಳೆಯಿರಿ. ಗಾಳಿ ಒಳಗೆ ಬರುವ ಮಗ್ಗುಲನ್ನೇ ಎಳೆಯಬೇಕು, ಧೂಳು ಕೂತಿರುವುದು ಅಲ್ಲೇ.

ತೊಳೆಯಬಹುದಾ? ಇದನ್ನು ಎಲ್ಲರೂ ಕೇಳುತ್ತಾರೆ. ಕೆಲವು ಸ್ಪಂಜಿನ ಫಿಲ್ಟರ್‌ಗಳನ್ನು ತೊಳೆಯಬಹುದು ಅಂತ ಮ್ಯಾನುವಲ್‌ನಲ್ಲೇ ಬರೆದಿರುತ್ತಾರೆ. ಸ್ಥಿರ ವಿದ್ಯುತ್ತಿನಿಂದ ಧೂಳು ಹಿಡಿಯುವ ತೆಳ್ಳಗಿನ ಬಿಳಿ ನಾರಿನ ಫಿಲ್ಟರಿಗೆ ಮಾತ್ರ ನೀರು ತಾಗಿಸಬೇಡಿ. ನೋಡಲು ಹೊಸದರಂತೆ ಕಂಡರೂ ಹಿಡಿಯುವ ಶಕ್ತಿ ಹೋಗಿರುತ್ತದೆ. ತೊಳೆದದ್ದು ಪೂರ್ತಿ ಒಣಗುವವರೆಗೆ ಹಾಕಬೇಡಿ, ಅಲ್ಲಿಯವರೆಗೆ ಫಿಲ್ಟರ್ ಇಲ್ಲದೆ ಪ್ರೊಜೆಕ್ಟರ್ ಓಡಿಸಲೂ ಬೇಡಿ. ಒಂದೇ ಒಂದು ಸಿನಿಮಾ ನೋಡಿ ಆಮೇಲೆ ಹಾಕುತ್ತೇನೆ ಅನ್ನುವ ಆ ಎರಡು ಗಂಟೆಯಲ್ಲಿ ಒಳಗೆ ಹೋದ ಧೂಳೇ ಮುಂದೆ ಹಸಿರು ಕಲೆಯಾಗಿ ಕಾಣುತ್ತದೆ.

ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಯ ಬಗ್ಗೆ ಎಚ್ಚರ. ಹೆಸರು ಗಾಳಿ ಅಂತಿದ್ದರೂ ಅದರಲ್ಲಿರುವುದು ಹೆಚ್ಚಾಗಿ ಗಾಳಿಯಲ್ಲ, ಬೆಂಕಿ ಹೊತ್ತಿಕೊಳ್ಳುವ ಅನಿಲ. ಬಿಸಿ ಲ್ಯಾಂಪಿನ ಹತ್ತಿರ ಅದನ್ನು ಹೊಡೆದರೆ ಹೊತ್ತಿಕೊಳ್ಳಬಹುದು. ಡಬ್ಬಿ ಓರೆಯಾದರೆ ಕೊರೆಯುವ ದ್ರವ ಚಿಮ್ಮಿ ಲೆನ್ಸಿಗೆ ತಾಗುತ್ತದೆ. ಕೈಯಲ್ಲಿ ಹಿಸುಕುವ ರಬ್ಬರ್ ಬ್ಲೋವರ್ ಸಾಕು. ಗಾಳಿಕಿಂಡಿಗೆ ಊದುವಾಗ ಫ್ಯಾನ್ ರೆಕ್ಕೆ ಗಿರಗಿರ ತಿರುಗದಂತೆ ನೋಡಿಕೊಳ್ಳಿ, ಜೋರಾಗಿ ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ.

ಇದರ ಜೊತೆಗೆ ಜಾಗವನ್ನೂ ನೋಡಬೇಕು. ಗಾಳಿಕಿಂಡಿಯ ಪಕ್ಕದಲ್ಲೇ ಗೋಡೆ, ಪರದೆ ಬಟ್ಟೆ, ಪುಸ್ತಕದ ಸಾಲು ಇದ್ದರೆ ಹೊರಗೆ ಹೋದ ಬಿಸಿ ಗಾಳಿಯೇ ಮತ್ತೆ ಒಳಗೆ ಬರುತ್ತದೆ. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಕೆಳಗಿನ ಕಿಂಡಿ ಮುಚ್ಚಿಹೋಗುತ್ತದೆ. ಹೊಗೆ, ಎಣ್ಣೆ ಹಬೆ ಬರುವ ಕಡೆ ಇಡಲೇಬೇಡಿ. ಬರೀ ಧೂಳನ್ನು ತೆಗೆಯಬಹುದು, ಎಣ್ಣೆ ಜೊತೆ ಸೇರಿದ ಧೂಳು ಅಂಟಿಕೊಂಡು ಬಿಡುತ್ತದೆ. ಎತ್ತರದ ಪ್ರದೇಶದಲ್ಲಿ, ಹೆಚ್ಚಿನ ಮಾದರಿಗಳಿಗೆ ಸುಮಾರು 1,500 ಮೀಟರ್ ಮೇಲೆ, ಮೆನುವಿನಲ್ಲಿ ಹೈ ಆಲ್ಟಿಟ್ಯೂಡ್ ಅನ್ನುವ ಆಯ್ಕೆ ಆನ್ ಮಾಡಬೇಕು. ಅಲ್ಲಿ ಗಾಳಿ ತೆಳು, ಅಷ್ಟೇ ತಂಪು ಮಾಡಲು ಫ್ಯಾನ್ ಇನ್ನೂ ವೇಗವಾಗಿ ತಿರುಗಬೇಕಾಗುತ್ತದೆ.

ಲೆನ್ಸಿಗೆ ಕೈ ಹಾಕುವಾಗ

ಸಣ್ಣ ಧೂಳಿನಿಂದ ಕಲೆ ಬರುವುದಿಲ್ಲ ಅಂದೆ, ಹಾಗಂತ ಲೆನ್ಸನ್ನು ಮರೆತುಬಿಡಿ ಅಂತಲ್ಲ. ಬೆರಳಚ್ಚು, ಎಣ್ಣೆ ಪದರ, ದಟ್ಟ ಧೂಳು ಬೆಳಕನ್ನು ಚದುರಿಸುತ್ತವೆ. ಚಿತ್ರದ ಕಪ್ಪು ಭಾಗ ಬೂದು ಬಣ್ಣವಾಗಿ ಕಾಣುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಅಕ್ಷರ ಹಾಕಿ ನೋಡಿ. ಅಕ್ಷರದ ಸುತ್ತ ಮಂಜಿನಂಥ ಬೆಳಕು ಹಬ್ಬಿದ್ದರೆ ಒರೆಸುವ ಹೊತ್ತು ಬಂದಿದೆ. ಗೋಡೆಗೆ ತೀರಾ ಹತ್ತಿರ ಇಡುವ ಅಲ್ಟ್ರಾ ಶಾರ್ಟ್ ಥ್ರೋ ಪ್ರೊಜೆಕ್ಟರಿನಲ್ಲಿ ಗಾಜು ಆಕಾಶ ನೋಡುತ್ತಾ ಮಲಗಿರುತ್ತದೆ, ಧೂಳು ನೇರ ಅದರ ಮೇಲೇ ಬೀಳುತ್ತದೆ, ಹಾಗಾಗಿ ಅದನ್ನು ಬೇಗ ಬೇಗ ನೋಡಿಕೊಳ್ಳಬೇಕು.

ಆಫ್ ಮಾಡಿ, ತಣ್ಣಗಾಗಲು ಬಿಡಿ. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಮೆತ್ತನೆಯ ಲೆನ್ಸ್ ಬ್ರಷ್. ಈ ಎರಡನ್ನು ಬಿಟ್ಟು ನೇರವಾಗಿ ಬಟ್ಟೆಗೆ ಹೋಗಬೇಡಿ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಬಟ್ಟೆ ಅದನ್ನು ಹಿಡಿದುಕೊಂಡು ಗಾಜಿನ ಮೇಲೆ ಎಳೆಯುತ್ತದೆ. ನನ್ನ ಗೀರುಗಳು ಬಂದದ್ದು ಹೀಗೆಯೇ. ಇನ್ನೂ ಜಿಡ್ಡು ಉಳಿದಿದ್ದರೆ ಮಾತ್ರ ಲೆನ್ಸಿಗೆಂದೇ ಮಾಡಿದ ದ್ರವವನ್ನು ಒಂದೆರಡು ಹನಿ ಮೈಕ್ರೋಫೈಬರ್ ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತಾ ಹಗುರವಾಗಿ ಒರೆಸಿ. ಲೆನ್ಸ್ ಮೇಲೆ ನೇರವಾಗಿ ಹನಿಸಬೇಡಿ, ಅಂಚಿನಿಂದ ಒಳಗೆ ಇಳಿಯುತ್ತದೆ. ಅಮೋನಿಯಾ ಇರುವ ಕಿಟಕಿ ಗಾಜಿನ ಕ್ಲೀನರ್ ಬೇಡವೇ ಬೇಡ. ಬೆಳಕು ಪ್ರತಿಫಲಿಸದಂತೆ ಲೆನ್ಸಿಗೆ ಬಳಿದಿರುವ ತೆಳುಪದರ ಅದರಿಂದ ಹಾಳಾಗಬಹುದು. ಟಿಶ್ಯೂ ಪೇಪರ್, ಅಂಗಿಯ ತುದಿ, ಬಾಯಿಯಿಂದ ಊದುವುದು ಇವೂ ಬೇಡ. ಬಾಯಿಂದ ಊದಿದರೆ ಎಂಜಲು ಹನಿ ಬೀಳುತ್ತದೆ.

ಉರಿಯುತ್ತಿರುವ ಪ್ರೊಜೆಕ್ಟರಿನ ಲೆನ್ಸಿಗೆ ಪುಸ್ತಕವನ್ನೋ ರಟ್ಟನ್ನೋ ಅಡ್ಡ ಇಡುವವರಿದ್ದಾರೆ, ಸ್ವಲ್ಪ ಹೊತ್ತು ಚಿತ್ರ ಮರೆ ಮಾಡಲು. ಹಾಗೆ ಮಾಡಿದರೆ ಅಷ್ಟು ಬೆಳಕೆಲ್ಲ ಅಲ್ಲೇ ಬಿಸಿಯಾಗಿ ಲೆನ್ಸನ್ನೂ ಅಡ್ಡ ಇಟ್ಟದ್ದನ್ನೂ ಸುಡುತ್ತದೆ. ರಿಮೋಟಿನಲ್ಲಿ ಮ್ಯೂಟ್ ಅಥವಾ ಬ್ಲಾಂಕ್ ಬಟನ್ ಇರುವುದು ಇದಕ್ಕೇ.

ಲೇಸರ್ ಪ್ರೊಜೆಕ್ಟರ್ ಇದ್ದವರಿಗೆ ಒಂದೇ ಮಾತು. ಲ್ಯಾಂಪ್ ಬದಲಿಸುವ ಕೆಲಸ ಇಲ್ಲ, ಬೆಳಕಿನ ಮೂಲಕ್ಕೆ 20,000 ಗಂಟೆ ಆಯಸ್ಸು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಫಿಲ್ಟರ್ ಇಲ್ಲದ ಮಾದರಿಯಾದರೂ ಗಾಳಿಕಿಂಡಿ ಒರೆಸಲೇಬೇಕು. ಕವಚವನ್ನು ಮಾತ್ರ ಎಂದೂ ಬಿಚ್ಚಬೇಡಿ, ಒಳಗಿನ ಲೇಸರ್ ಕಣ್ಣನ್ನು ಕ್ಷಣದಲ್ಲಿ ಹಾಳು ಮಾಡಬಲ್ಲದು. ಆನ್ ಆಗಿರುವಾಗ ಯಾವ ಪ್ರೊಜೆಕ್ಟರಿನ ಲೆನ್ಸಿನೊಳಗೂ ನೋಡಬೇಡಿ, ಮಕ್ಕಳು ಹತ್ತಿರ ಇದ್ದರಂತೂ ಇನ್ನೂ ಹುಷಾರು.

ಲ್ಯಾಂಪ್

ಹೆಚ್ಚಿನ ಲ್ಯಾಂಪ್ ಪ್ರೊಜೆಕ್ಟರುಗಳಲ್ಲಿ ಇರುವುದು ಅತಿ ಒತ್ತಡದ ಪಾದರಸ ದೀಪ. ಎರಡು ತುದಿಗಳ ನಡುವೆ ಸುಮಾರು 1 ಮಿಲಿಮೀಟರ್ ಅಂತರ, ಅಷ್ಟರಲ್ಲೇ ಕಿಡಿ ಉರಿಯುತ್ತಿರುತ್ತದೆ. ಉರಿಯುವಾಗ ಒಳಗಿನ ಒತ್ತಡ ಸುಮಾರು 200 ಬಾರ್. ಕಾರಿನ ಟೈರಿನಲ್ಲಿ ಸುಮಾರು 2 ಬಾರ್ ಇರುತ್ತದೆ, ಹೋಲಿಸಿಕೊಳ್ಳಿ. ಇದನ್ನು ಓದಿದ ದಿನದಿಂದ ಲ್ಯಾಂಪಿನ ಆಯಸ್ಸನ್ನು ದಾಟಿಸಿ ಓಡಿಸುವುದನ್ನು ನಾನು ಬಿಟ್ಟೆ. ಮ್ಯಾನುವಲ್‌ನಲ್ಲಿ ಕೊಟ್ಟ ಗಂಟೆ ಸಾಮಾನ್ಯವಾಗಿ ಹೊಳಪು ಅರ್ಧಕ್ಕಿಳಿಯುವ ಹೊತ್ತಿನ ಅಂದಾಜು. ಅದಾದ ಮೇಲೂ ಉರಿಯುತ್ತದೆ ನಿಜ, ಆದರೆ ಒಡೆಯುವ ಅಪಾಯ ಹೆಚ್ಚುತ್ತಾ ಹೋಗುತ್ತದೆ.

ಒಂದು ವೇಳೆ ಪಟ್ ಅಂತ ಜೋರು ಸದ್ದು ಬಂದು ಕತ್ತಲಾದರೆ ಹತ್ತಿರ ಹೋಗಿ ಬಗ್ಗಿ ನೋಡಬೇಡಿ. ಪಾದರಸದ ಆವಿ ಹೊರಬಂದಿರಬಹುದು. ಕಿಟಕಿ ತೆರೆದು ಎಲ್ಲರೂ ಹೊರಗೆ ಹೋಗಿ, ಕೋಣೆಗೆ ಚೆನ್ನಾಗಿ ಗಾಳಿ ಆಡಲಿ. ಚೂರುಗಳನ್ನು ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆಯಬೇಡಿ, ಅದು ಪಾದರಸವನ್ನು ಕೋಣೆಯ ತುಂಬ ಹರಡುತ್ತದೆ. ಚಾವಣಿಗೆ ಹಾಕಿದ ಪ್ರೊಜೆಕ್ಟರ್ ಆದರೆ ಮುಚ್ಚಳ ತೆಗೆದಾಗ ಗಾಜು ಮುಖದ ಮೇಲೆ ಬೀಳಬಹುದು. ನೇರ ಕೆಳಗೆ ನಿಲ್ಲದೆ ಪಕ್ಕದಲ್ಲಿ ನಿಂತು, ಕಣ್ಣಿಗೆ ಕನ್ನಡಕ ಹಾಕಿ, ಏಣಿ ಹಿಡಿಯಲು ಇನ್ನೊಬ್ಬರನ್ನು ಇಟ್ಟುಕೊಂಡೇ ಕೆಲಸ ಮಾಡಿ.

ಮಾಮೂಲಿಯಾಗಿ ಬದಲಿಸುವಾಗಲೂ ಪ್ಲಗ್ ಕಿತ್ತು ಕನಿಷ್ಠ ಒಂದು ಗಂಟೆ ಕಾಯಿರಿ. ಹೊಸ ಲ್ಯಾಂಪನ್ನು ಅದರ ಚೌಕಟ್ಟು ಹಿಡಿದೇ ಎತ್ತಬೇಕು. ಗಾಜಿಗೆ ಬೆರಳು ತಾಗಿದರೆ ಚರ್ಮದ ಜಿಡ್ಡು ಅಲ್ಲಿ ಉಳಿದು, ಬಿಸಿಗೆ ಸುಟ್ಟು, ಆ ಒಂದು ಜಾಗ ದುರ್ಬಲವಾಗುತ್ತದೆ. ಮುಚ್ಚಳವನ್ನು ಸರಿಯಾಗಿ ಕೂರಿಸಿ, ಹೆಚ್ಚಿನ ಮಾದರಿಗಳಲ್ಲಿ ಅಲ್ಲೊಂದು ಸುರಕ್ಷತಾ ಸ್ವಿಚ್ ಇರುವುದರಿಂದ ಸ್ವಲ್ಪ ಸಡಿಲವಿದ್ದರೂ ಪ್ರೊಜೆಕ್ಟರ್ ಆನ್ ಆಗುವುದಿಲ್ಲ. ಹೊಸ ಲ್ಯಾಂಪ್ ಕೆಟ್ಟಿದೆ ಅಂತ ಎಷ್ಟೋ ಜನ ಸುಮ್ನೆ ಗಾಬರಿಯಾಗುವುದು ಇಲ್ಲೇ. ಹಳೆಯದನ್ನು ಮನೆಯ ಕಸಕ್ಕೆ ಹಾಕಬೇಡಿ, ಹೊಸದು ಬಂದ ಡಬ್ಬಿಯಲ್ಲೇ ಇಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಕೊನೆಗೆ ಮೆನುವಿನಲ್ಲಿ ಲ್ಯಾಂಪ್ ಗಂಟೆಯನ್ನು ಸೊನ್ನೆಗೆ ತನ್ನಿ. ಲ್ಯಾಂಪ್ ಬದಲಿಸದೆ ಬರೀ ಎಚ್ಚರಿಕೆ ಸಂದೇಶ ಹೋಗಲಿ ಅಂತ ಸೊನ್ನೆ ಮಾಡಬೇಡಿ, ಆಮೇಲೆ ಅದು ನಿಜಕ್ಕೂ ಎಷ್ಟು ಉರಿದಿದೆ ಅಂತ ತಿಳಿಯಲು ದಾರಿಯೇ ಇರುವುದಿಲ್ಲ. ಎಷ್ಟೋ ಮಾದರಿಗಳಲ್ಲಿ ಫಿಲ್ಟರ್ ಗಂಟೆಗೆ ಬೇರೆಯೇ ಲೆಕ್ಕ ಇರುತ್ತದೆ, ಅದನ್ನೂ ಆಗಲೇ ನೋಡಿ. ನಾನು ಎರಡನ್ನೂ ಒಂದು ಚೀಟಿಯಲ್ಲಿ ತಾರೀಖು ಸಮೇತ ಬರೆದು ಪ್ರೊಜೆಕ್ಟರಿನ ಕೆಳಗೆ, ಗಾಳಿಕಿಂಡಿ ಇಲ್ಲದ ಕಡೆ ಅಂಟಿಸಿದ್ದೇನೆ.