ಪರಿಚಯವಿಲ್ಲದ ಸೀನಿಯರ್‌ಗೆ ಬರೆದರೆ ವಶೀಲಿ ಕೇಳಿದಂತಾಗುವುದಿಲ್ಲವೇ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಧಾರಣ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ಹಣಕಾಸು ಕ್ಷೇತ್ರಕ್ಕೆ ಹೋಗುವ ಆಸೆ ಇದೆ. ಮನೆಯವರಲ್ಲಾಗಲಿ ನೆಂಟರಲ್ಲಾಗಲಿ ಆ ಕಡೆ ಯಾರೂ ಇಲ್ಲ. ನಮ್ಮ ಕಾಲೇಜಿನಲ್ಲಿ ಓದಿದವರು ದೊಡ್ಡ ಕಂಪನಿಗಳಲ್ಲಿದ್ದಾರೆ, ಅವರಿಗೆ ಬರೆ ಎಂದು ಸ್ನೇಹಿತರು ಹೇಳುತ್ತಾರೆ. ಮುಖವನ್ನೇ ನೋಡದವರಿಗೆ ಬರೆಯುವುದು ವಶೀಲಿ ಕೇಳಿದಂತೆ ಆಗುವುದಿಲ್ಲವೇ? ಬರೆಯುವುದಾದರೆ ಏನೆಂದು ಬರೆಯಲಿ?

ಉತ್ತರ: ಆಗುವುದಿಲ್ಲ. ಅರ್ಹತೆ ಇಲ್ಲದವರನ್ನು ಸಾಲು ತಪ್ಪಿಸಿ ಒಳಗೆ ಸೇರಿಸು ಎಂದು ಕೇಳಿದರೆ ಅದು ವಶೀಲಿ. ಒಳಗಿನ ಕೆಲಸ ಹೇಗಿದೆ, ಅದಕ್ಕೆ ಏನು ಕಲಿತಿರಬೇಕು ಎಂದು ಅಲ್ಲಿರುವವರನ್ನು ವಿಚಾರಿಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಈ ಸಂಕೋಚದಿಂದ ನಷ್ಟವಾಗುವುದು ಯಾರಿಗೆ ಎಂದು ಯೋಚಿಸಿ. ಚಿಕ್ಕಪ್ಪನೋ ಸೋದರಮಾವನೋ ಲೆಕ್ಕಪರಿಶೋಧಕರಾಗಿರುವ ಮನೆಯ ಹುಡುಗ ಇದನ್ನೆಲ್ಲ ಭಾನುವಾರದ ಊಟದ ಹೊತ್ತಿಗೇ ಕೇಳಿ ತಿಳಿದಿರುತ್ತಾನೆ. ಅದನ್ನು ಯಾರೂ ವಶೀಲಿ ಎನ್ನುವುದಿಲ್ಲ. ನಿಮಗೆ ಆ ಚಿಕ್ಕಪ್ಪ ಇಲ್ಲ, ನಿಮ್ಮ ಕಾಲೇಜು ಇದೆ. ಹತ್ತಿರದವರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ಹೊಸ ಕೆಲಸದ ಸುದ್ದಿ ತರುವವರು ಹೆಚ್ಚಾಗಿ ದೂರದ ಪರಿಚಯದವರು ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲೇ ವಾದಿಸಿದ್ದರು. ಅದೇ ಕಾಲೇಜಿನಲ್ಲಿ ನಿಮಗಿಂತ ಮೊದಲು ಓದಿದವರು ಸರಿಯಾಗಿ ಅಂಥ ದೂರದ ಪರಿಚಯದವರು.

ಬೆಂಗಳೂರಿನಲ್ಲಂತೂ ಹೀಗೆ ವಿಚಾರಿಸದೆ ಮುಂದುವರಿಯಲೇಬಾರದು ಎಂಬುದು ನನ್ನ ಅಭಿಪ್ರಾಯ. ಅಮೆರಿಕದ ಹೂಡಿಕೆ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ ಇಲ್ಲಿ ಕಚೇರಿ ತೆರೆದದ್ದು 2004ರಲ್ಲಿ. ಅಲ್ಲಿನದೇ ಹಣಕಾಸು ಕಂಪನಿಗಳಾದ ಜೆ.ಪಿ. ಮಾರ್ಗನ್, ವೆಲ್ಸ್ ಫಾರ್ಗೊ, ಫಿಡೆಲಿಟಿ, ನಾರ್ದರ್ನ್ ಟ್ರಸ್ಟ್ ಎಲ್ಲವೂ ಈ ಊರಿನಲ್ಲಿವೆ. ಆದರೆ ಕಂಪನಿಯ ಹೆಸರಿನಿಂದ ಕೆಲಸ ಯಾವುದೆಂದು ಗೊತ್ತಾಗುವುದಿಲ್ಲ. ಒಂದೇ ಗೇಟಿನೊಳಗೆ ಸಾಫ್ಟ್‌ವೇರ್ ಬರೆಯುವವರು, ಷೇರು ವ್ಯವಹಾರಗಳ ಸೆಟಲ್‌ಮೆಂಟ್ (ಹಣ, ಷೇರು ಸರಿಯಾಗಿ ಕೈಬದಲಾಗುವುದನ್ನು) ನೋಡುವವರು, ಎರಡು ಕಡೆಯ ಲೆಕ್ಕ ತಾಳೆ ಹಾಕುವ ರೀಕನ್ಸಿಲಿಯೇಷನ್‌ನವರು, ಫಂಡ್‌ಗಳ ಎನ್‌ಎವಿ (ಒಂದು ಯೂನಿಟ್‌ನ ಮೌಲ್ಯ) ಲೆಕ್ಕ ಹಾಕುವ ಫಂಡ್ ಅಕೌಂಟಿಂಗ್‌ನವರು, ಗ್ರಾಹಕರ ದಾಖಲೆ ಪರಿಶೀಲಿಸುವ ಕೆವೈಸಿ ವಿಭಾಗದವರು, ನಷ್ಟದ ಸಾಧ್ಯತೆ ಅಳೆಯುವ ರಿಸ್ಕ್ ವಿಭಾಗದವರು ಇರುತ್ತಾರೆ. ಇವರಲ್ಲಿ ಅನೇಕರ ಗುರುತಿನ ಚೀಟಿಯಲ್ಲಿ 'ಅನಲಿಸ್ಟ್' ಎಂದೇ ಇರುತ್ತದೆ. ಕಂಪನಿಗಳ ವಿಲೀನ, ಷೇರು ಬಿಡುಗಡೆಯಂಥ ವ್ಯವಹಾರಗಳಲ್ಲಿ ಗ್ರಾಹಕರೊಂದಿಗೆ ನೇರವಾಗಿ ಕುಳಿತು ಮಾಡುವ ಕೆಲಸ ನಮ್ಮ ದೇಶದ ಮಟ್ಟಿಗೆ ಹೆಚ್ಚಾಗಿ ಮುಂಬೈಯಲ್ಲಿದೆ.

ಷೇರುಗಳನ್ನು ಅಧ್ಯಯನ ಮಾಡುವ ಕನಸು ಹೊತ್ತು ಸೇರಿದವರು ರಾತ್ರಿ ಪಾಳಿಯಲ್ಲಿ ಲೆಕ್ಕ ತಾಳೆ ಹಾಕುತ್ತ ಕುಳಿತು ಬೇಸರಪಡುವುದು ಇದರಿಂದಲೇ. ತಾಳೆ ಹಾಕುವುದು ಕೀಳು ಕೆಲಸವಲ್ಲ. ಅದು ಸರಿಯಿಲ್ಲದಿದ್ದರೆ ಮುಂದಿನದು ಯಾವುದೂ ಸರಿಯಿರುವುದಿಲ್ಲ. ಆದರೆ ಸೇರುವ ಮೊದಲೇ ತಿಳಿದಿರಬೇಕು. ಆ ವಿಭಾಗದಿಂದ ಎರಡು ವರ್ಷಗಳ ನಂತರ ರಿಸ್ಕ್‌ಗೋ ಸಂಶೋಧನೆಗೋ ಹೋದವರು ಇದ್ದಾರೆಯೇ, ಹೋಗುವಾಗ ಅವರ ಕೈಯಲ್ಲಿ ಏನಿತ್ತು ಎಂಬುದೂ ತಿಳಿದಿರಬೇಕು. ಇದು ಯಾವ ಜಾಹೀರಾತಿನಲ್ಲೂ ಬರುವುದಿಲ್ಲ. ಪರೀಕ್ಷೆಗಳ ವಿಷಯವೂ ಹಾಗೆಯೇ. ಹೂಡಿಕೆ ವಿಶ್ಲೇಷಣೆಯ ಸಿಎಫ್‌ಎಗೆ ಮೂರು ಹಂತ, ರಿಸ್ಕ್ ನಿರ್ವಹಣೆಯ ಎಫ್‌ಆರ್‌ಎಂಗೆ ಎರಡು ಭಾಗ, ಎರಡರ ಶುಲ್ಕವೂ ಡಾಲರ್ ಲೆಕ್ಕದಲ್ಲಿ. ಅಪ್ಪ ಅಮ್ಮ ಸಾಲ ಮಾಡಿ ಆ ಹಣ ಕಟ್ಟುವ ಮೊದಲು, ನೀವು ಬಯಸುವ ವಿಭಾಗದಲ್ಲಿ ಅದಕ್ಕೆ ನಿಜವಾಗಿ ಬೆಲೆ ಇದೆಯೇ ಎಂದು ಅಲ್ಲಿ ಕುಳಿತಿರುವ ಒಬ್ಬರನ್ನಾದರೂ ಕೇಳಿ.

ಅವರನ್ನು ಹುಡುಕುವುದು ಕಷ್ಟವಲ್ಲ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳು ಯಾವ ಊರಿನಲ್ಲಿ, ಯಾವ ಕಂಪನಿಯಲ್ಲಿದ್ದಾರೆ ಎಂದು ವಿಂಗಡಿಸಿ ನೋಡಬಹುದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಿರಿಯ ವಿದ್ಯಾರ್ಥಿಗಳ ಸಂಘದ ಚಟುವಟಿಕೆಯನ್ನೂ ಪರಿಗಣಿಸುವುದರಿಂದ ಕಾಲೇಜಿನಲ್ಲಿ ಅಂಥದ್ದೊಂದು ಸಂಘ ಇರುವ ಸಂಭವ ಹೆಚ್ಚು, ಕಚೇರಿಯಲ್ಲಿ ವಿಚಾರಿಸಿ. ಇದಕ್ಕಿಂತ ಒಳ್ಳೆಯ ದಾರಿ ವಾಣಿಜ್ಯ ವಿಭಾಗದ ಹಳೆಯ ಮೇಷ್ಟ್ರು. ಅವರು ಒಂದು ಮಾತು ಹೇಳಿದರೆ ನಿಮ್ಮ ಪತ್ರಕ್ಕೆ ಉತ್ತರ ಬರುವ ಸಾಧ್ಯತೆಯೇ ಬೇರೆ.

ಇಪ್ಪತ್ತು ವರ್ಷ ಹಿಂದೆ ಓದಿ ಈಗ ವಿಭಾಗದ ಮುಖ್ಯಸ್ಥರಾಗಿರುವವರಿಗೆ ಮೊದಲು ಬರೆಯಬೇಡಿ. ಎರಡರಿಂದ ಐದು ವರ್ಷಗಳ ಹಿಂದೆ ಕಾಲೇಜು ಬಿಟ್ಟವರನ್ನು ಆರಿಸಿ. ಸಂದರ್ಶನದಲ್ಲಿ ಏನು ಕೇಳಿದರು ಎಂಬುದು ಅವರಿಗೆ ಇನ್ನೂ ನೆನಪಿರುತ್ತದೆ, ನಿಮ್ಮ ಭಯವೂ ಅರ್ಥವಾಗುತ್ತದೆ. ಒಂದೇ ಸಂದೇಶವನ್ನು ಐವತ್ತು ಜನರಿಗೆ ಕಳಿಸಬೇಡಿ. ಅವರ ಬಗ್ಗೆ ಓದಿದ್ದೀರಿ ಎಂಬುದು ಪತ್ರದಲ್ಲೇ ಕಾಣಬೇಕು:

'ನಮಸ್ಕಾರ ಮೇಡಂ. ನೀವು ಓದಿದ ಕಾಲೇಜಿನಲ್ಲೇ ನಾನು ಈಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದೇನೆ. ನೀವು ಫಂಡ್ ಅಕೌಂಟಿಂಗ್‌ನಿಂದ ರಿಸ್ಕ್ ವಿಭಾಗಕ್ಕೆ ಹೋದದ್ದನ್ನು ನಿಮ್ಮ ಪುಟದಲ್ಲಿ ನೋಡಿದೆ. ನನಗೂ ರಿಸ್ಕ್‌ನಲ್ಲಿ ಆಸಕ್ತಿ ಇದೆ. ಅದಕ್ಕೆ ಎಫ್‌ಆರ್‌ಎಂ ಬೇಕಾಯಿತೇ, ಅನುಭವವೇ ಸಾಕಾಯಿತೇ ಎಂದು ನಿಮ್ಮಿಂದ ತಿಳಿಯಬೇಕಿತ್ತು. ಹದಿನೈದು ನಿಮಿಷ ಬಿಡುವಾದಾಗ ಫೋನ್ ಮಾಡಬಹುದೇ?'

ಇಷ್ಟು ಸಾಕು. ರೆಸ್ಯೂಮೆ ಲಗತ್ತಿಸಬೇಡಿ, ಮನೆಯ ಕಷ್ಟ ಬರೆಯಬೇಡಿ. ಇಂಗ್ಲಿಷ್‌ನಲ್ಲಿ ಬರೆದರೂ ಅಳತೆ ಇದೇ ಇರಲಿ. ಅವರು ಕನ್ನಡದವರಾದರೆ ಕನ್ನಡದಲ್ಲಿ ಮಾತನಾಡಲು ಹಿಂಜರಿಯಬೇಡಿ. ಮನಸ್ಸಿನಲ್ಲಿರುವುದನ್ನು ತಡವರಿಸದೆ ಕೇಳಲು ಸಾಧ್ಯವಾಗುತ್ತದೆ.

ಹೊತ್ತು ನೋಡಿ ಬರೆಯಿರಿ. ಲೆಕ್ಕಪತ್ರದ ಕೆಲಸದಲ್ಲಿರುವವರಿಗೆ ತಿಂಗಳ ಕೊನೆ ಮತ್ತು ಮೊದಲ ಕೆಲವು ದಿನ ತಲೆ ಎತ್ತಲು ಪುರಸತ್ತಿರುವುದಿಲ್ಲ. ಅಮೆರಿಕದ ಷೇರುಪೇಟೆ ತೆರೆಯುವುದು ನಮ್ಮ ಸಂಜೆ ಏಳಕ್ಕೆ, ಚಳಿಗಾಲದಲ್ಲಿ ಎಂಟಕ್ಕೆ; ಅದಕ್ಕೆ ಹೊಂದಿಕೊಂಡ ಪಾಳಿಯವರಿಗೆ ಬೆಳಗ್ಗೆ ಎಂಟಕ್ಕೆ ಫೋನ್ ಮಾಡಿದರೆ ನಿದ್ದೆ ಕೆಡಿಸಿದಂತೆ. ಉತ್ತರ ಬಾರದಿದ್ದರೆ ವಾರ ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ಬಿಟ್ಟುಬಿಡಿ. ಅದನ್ನು ಅವಮಾನವೆಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮಾತಿಗೆ ಸಿಕ್ಕಾಗ ಒಂದು ಎಚ್ಚರ ಈ ಕ್ಷೇತ್ರಕ್ಕೇ ಸೇರಿದ್ದು. ಅವರ ಗ್ರಾಹಕರು ಯಾರು, ಯಾವ ಷೇರು ಏರುತ್ತದೆ, ಯಾವ ಕಂಪನಿ ಮಾರಾಟಕ್ಕಿದೆ ಎಂದು ತಮಾಷೆಗೂ ಕೇಳಬೇಡಿ. ಒಳಮಾಹಿತಿ ಹಂಚುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2015ರ ನಿಯಮಗಳ ಪ್ರಕಾರ ಅಪರಾಧ. ಆ ಪ್ರಶ್ನೆ ಕೇಳಿದ ಗಳಿಗೆಯಲ್ಲೇ ನಿಮ್ಮ ಮೇಲಿನ ವಿಶ್ವಾಸ ಹೋಗುತ್ತದೆ. ಅವರ ದಿನ ಹೇಗೆ ಕಳೆಯುತ್ತದೆ, ಪಾಳಿ ಯಾವುದು, ರಾತ್ರಿ ಮನೆಗೆ ಕ್ಯಾಬ್ ಇದೆಯೇ, ಎಕ್ಸೆಲ್ ಎಷ್ಟು ಬರಬೇಕು ಎಂದು ಧಾರಾಳವಾಗಿ ಕೇಳಿ.

ಕಂಪನಿಗೆ ನಿಮ್ಮ ಹೆಸರು ಸೂಚಿಸುವ ರೆಫರಲ್ ಅನ್ನು ಮೊದಲ ಮಾತಿನಲ್ಲೇ ಕೇಳಬೇಡಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಮಾಡಿ, ಒಂದೆರಡು ತಿಂಗಳ ನಂತರ 'ನೀವು ಹೇಳಿದಂತೆ ಇದನ್ನು ಕಲಿತೆ' ಎಂದು ಬರೆಯಿರಿ. ಹುದ್ದೆ ಖಾಲಿಯಾದಾಗ ನಿಮ್ಮ ಹೆಸರು ಅವರಿಗೆ ನೆನಪಾಗುವುದು ಹೀಗೆ. ನೀವೇ ಕೇಳುವುದಾದರೂ ಜಾಹೀರಾತಿನಲ್ಲಿರುವ ಹುದ್ದೆಯ ಗುರುತು ಸಂಖ್ಯೆ ಸಹಿತ, ನಿರಾಕರಿಸಲು ಅವಕಾಶ ಬಿಟ್ಟು ಕೇಳಿ. ರೆಫರಲ್‌ನಿಂದ ನಿಮ್ಮ ಅರ್ಜಿಯನ್ನು ಯಾರಾದರೂ ತೆರೆದು ನೋಡುವ ಸಂಭವ ಹೆಚ್ಚುತ್ತದೆ, ಅಷ್ಟೇ. ಸಂದರ್ಶನ ನೀವೇ ಗೆಲ್ಲಬೇಕು.

ಸರ್ಕಾರಿ ಬ್ಯಾಂಕುಗಳ ಮಾತು ಬೇರೆ. ಕೆನರಾ ಬ್ಯಾಂಕಿನ ಪ್ರಧಾನ ಕಚೇರಿ ನಮ್ಮ ಜೆ.ಸಿ. ರಸ್ತೆಯಲ್ಲೇ ಇದ್ದರೂ ಅಲ್ಲಿನ ಪಿಒ (ಪ್ರೊಬೇಷನರಿ ಆಫೀಸರ್), ಕ್ಲರ್ಕ್ ಹುದ್ದೆಗಳಿಗೆ ಆಯ್ಕೆ ಹಲವು ಬ್ಯಾಂಕುಗಳ ಪರವಾಗಿ ಐಬಿಪಿಎಸ್ ಸಂಸ್ಥೆ ನಡೆಸುವ ಪರೀಕ್ಷೆಯ ಮೂಲಕ. ಸ್ಟೇಟ್ ಬ್ಯಾಂಕ್ ತನ್ನದೇ ಪರೀಕ್ಷೆ ನಡೆಸುತ್ತದೆ. ಅಲ್ಲಿರುವ ಹಿರಿಯರು ಓದುವ ಕ್ರಮ ಹೇಳಿಕೊಡಬಲ್ಲರು, ಸೀಟು ಕೊಡಿಸಲಾರರು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಕೆಲಸಕ್ಕೆ ಹಣ ಕೇಳಿದವರು ನಿಮ್ಮ ಕಾಲೇಜಿನವರೇ ಆಗಿದ್ದರೂ ಮಾತು ಅಲ್ಲಿಗೇ ನಿಲ್ಲಿಸಿ, ಮನೆಯವರಿಗೆ ತಿಳಿಸಿ.